ಮತ್ತೆ ಲೆವೆಲ್ ಒಂದರಿಂದ ಯಾಕೆ ಅಂತ ಕೇಳುವವರಿಗೆ

ಜಪಾನಿನ ಯಾವುದಾದರೂ ದೊಡ್ಡ ಆರ್‌ಪಿಜಿಗೆ (ಪಾತ್ರದ ಬಲವನ್ನು ಲೆವೆಲ್ ಲೆವೆಲ್ ಆಗಿ ಬೆಳೆಸುತ್ತಾ ಹೋಗುವ ವಿಡಿಯೊ ಗೇಮ್‌ಗೆ) ಎರಡನೇ ಭಾಗ ಬರುತ್ತದೆ ಅಂತ ಘೋಷಣೆ ಆಗಲಿ, ಸಂಜೆಯೊಳಗೆ ಅಭಿಮಾನಿಗಳ ಬೇಡಿಕೆ ಪಟ್ಟಿ ತಯಾರಾಗಿರುತ್ತದೆ. ಕಾದಾಟ ಸರದಿ ಪ್ರಕಾರವೇ ನಡೆಯಬೇಕು ಅಂತ ಒಬ್ಬರು, ಅದು ಬೇಡವೇ ಬೇಡ ಅಂತ ಇನ್ನೊಬ್ಬರು. ಮ್ಯಾಪ್ ಇನ್ನೂ ದೊಡ್ಡದಿರಲಿ. ಸತ್ತ ಪಾತ್ರ ಹೇಗಾದರೂ ಬದುಕಿ ಬರಲಿ. ಇದೆಲ್ಲ ರುಚಿಯ ಮಾತು. ನಾನು ಬಾಯಿ ಹಾಕುವುದಿಲ್ಲ. ಆದರೆ ಪ್ರತಿ ಪಟ್ಟಿಯಲ್ಲೂ ತಪ್ಪದೆ ಇರುವ ಸಾಲು ಒಂದಿದೆ: "ಹೋದ ಸಲ ಕಷ್ಟಪಟ್ಟು ಲೆವೆಲ್ 99 ಮುಟ್ಟಿದ್ದೇನೆ. ಅದನ್ನು ಕಿತ್ತುಕೊಂಡು ಮತ್ತೆ ಒಂದರಿಂದ ಶುರು ಮಾಡಿಸಬೇಡಿ."

ನನ್ನ ಕೆಲಸವೇ ಆರ್‌ಪಿಜಿಗಳ ಲೆಕ್ಕ. ಯಾವ ಶತ್ರುವಿಗೆ ಎಷ್ಟು ಎಚ್‌ಪಿ (ಸಾಯುವ ಮುನ್ನ ತಾಳಬಲ್ಲ ಏಟಿನ ಅಂಕಿ) ಇರಬೇಕು, ಯಾವ ಕತ್ತಿ ಎಷ್ಟನೇ ಊರಿನಲ್ಲಿ ಸಿಗಬೇಕು, ಯಾವ ಬಾಸ್ (ದೊಡ್ಡ ಶತ್ರು) ಹತ್ತಿರ ಆಟಗಾರ ಒಂದು ಸಲವಾದರೂ ಸಾಯಬೇಕು, ಇವೇ. ಮೇಲಿನ ಸಾಲಿಗೆ ನಾನು ಉತ್ತರ ಹೇಳಿ ಹೇಳಿ ಸಾಕಾಗಿದೆ. ಕೇಳಿದವರು ಹೌದು ಹೌದು ಅಂತ ತಲೆಯಾಡಿಸುತ್ತಾರೆ. ಮುಂದಿನ ಆಟ ಘೋಷಣೆ ಆದಾಗ ಅದೇ ಸಾಲನ್ನು ಮತ್ತೆ ಬರೆಯುತ್ತಾರೆ. ಇವತ್ತು ಕೂತು ಪೂರ್ತಿ ಹೇಳಿಬಿಡುತ್ತೇನೆ.

ಮೊದಲಿಗೆ ಒಂದು ಮಾತು. ಲೆವೆಲ್ ಉಳಿಸಿಕೊಡುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ. ಆಟಗಾರ ಎಲ್ಲಿಯವರೆಗೆ ಬಂದ ಅಂತ ಉಳಿಸಿಟ್ಟ ಹಳೆಯ ಸೇವ್ ಫೈಲ್ ಓದಿ ಒಂದು ಅಂಕಿ ಎತ್ತಿಕೊಂಡರೆ ಆಯಿತು. "ಕಂಪನಿಯವರಿಗೆ ಸೋಮಾರಿತನ" ಅಂತ ಬೈಯುವವರು ಇದನ್ನು ಗಮನಿಸಬೇಕು. ಸೋಮಾರಿಗೆ ಸುಲಭದ ದಾರಿ ಅದೇ. ಹೊಸದಾಗಿ ಒಂದರಿಂದ ಕಟ್ಟುವುದಕ್ಕೇ ಜಾಸ್ತಿ ಕೆಲಸ.

ಕೆಲವು ವರ್ಷಗಳ ಹಿಂದೆ ಒಂದು ಎರಡನೇ ಭಾಗದ ತಂಡದಲ್ಲಿದ್ದೆ. ಆಟದ ಹೆಸರು ಬೇಡ. ಜನ ಇಷ್ಟೊಂದು ಕೇಳುತ್ತಿದ್ದಾರಲ್ಲ, ಒಮ್ಮೆ ಮಾಡಿಯೇ ನೋಡಿ ಅಂತ ಮೇಲಿನವರು ಹೇಳಿದರು. ಹಳೆಯ ಲೆವೆಲ್, ಹಳೆಯ ಆಯುಧ, ಹಳೆಯ ಮಂತ್ರ ಎಲ್ಲ ಹಾಗೇ ಬರುವ ಒಂದು ಪರೀಕ್ಷಾ ಬಿಲ್ಡ್ (ಆಡಿ ನೋಡುವ ಕಚ್ಚಾ ಆವೃತ್ತಿ) ಮಾಡಿದೆವು. ಮೊದಲ ಭಾಗವನ್ನು ಮುಗಿಸಿದ ಅಭಿಮಾನಿಗಳನ್ನೇ ಕರೆದು ಆಡಿಸಿದೆವು. ಮೊದಲ ಗುಹೆಯಲ್ಲಿ ಎಲ್ಲರ ಮುಖದಲ್ಲೂ ನಗು. ಒಂದೊಂದು ಏಟಿಗೆ ಒಂದೊಂದು ಶತ್ರು ಮಟಾಷ್. ಎರಡನೇ ಗುಹೆಯಲ್ಲಿ ಒಬ್ಬ ಹುಡುಗ ಒಂದು ನಿಧಿ ಪೆಟ್ಟಿಗೆಯ ಪಕ್ಕದಲ್ಲೇ ನಡೆದುಹೋದ. ತೆರೆಯಲಿಲ್ಲ. ಕಾಣಲಿಲ್ಲವೇನೋ ಅಂದುಕೊಂಡೆ. ಮುಂದಿನ ಪೆಟ್ಟಿಗೆಯನ್ನೂ ಬಿಟ್ಟ. ಆಮೇಲೆ ಯಾಕಪ್ಪಾ ಅಂತ ಕೇಳಿದೆ. "ಅದರಲ್ಲಿ ಏನಿದ್ದರೂ ನನ್ನ ಹತ್ತಿರ ಇರೋದಕ್ಕಿಂತ ಕಮ್ಮಿನೇ ಅಲ್ವಾ ಸರ್?" ಅಂದ.

ನಿಧಿ ಪೆಟ್ಟಿಗೆ ತೆರೆಯುವ ಆಸೆ ಇಲ್ಲದ ಮೇಲೆ ಗುಹೆಯ ಮೂಲೆ ಮೂಲೆಗೆ ಯಾರು ಹೋಗುತ್ತಾರೆ? ಊರಿನ ಅಂಗಡಿಗೆ ಯಾಕೆ ಹೋಗಬೇಕು? ದುಡ್ಡು ಯಾಕೆ ಬೇಕು? ದುಡ್ಡು ಬೇಡ ಅಂದಮೇಲೆ ದಾರಿಯಲ್ಲಿ ಸಿಗುವ ಶತ್ರುಗಳ ಜೊತೆ ಕಾದಾಡುವುದು ಯಾಕೆ? ಅವನು ಬಿಟ್ಟದ್ದು ಎರಡು ಪೆಟ್ಟಿಗೆ. ಅವುಗಳ ಹಿಂದೆ ಅರ್ಧ ಆಟ ಹೋಯಿತು.

"ಹಾಗಾದರೆ ಶತ್ರುಗಳನ್ನೂ ಅಷ್ಟೇ ಬಲಶಾಲಿ ಮಾಡಿ, ಕತ್ತಿಗಳನ್ನೂ ದೊಡ್ಡದು ಮಾಡಿ." ಮುಂದಿನ ವಾದ ಇದೇ, ಗೊತ್ತು. ಸ್ವಲ್ಪ ಲೆಕ್ಕ ಮಾಡೋಣ. ಹೆದರಬೇಡಿ, ಕೂಡುವುದು ಕಳೆಯುವುದು ಅಷ್ಟೇ.

ಡ್ರ್ಯಾಗನ್ ಕ್ವೆಸ್ಟ್‌ನ ಆರಂಭದ ಆಟಗಳಲ್ಲಿ ಏಟಿನ ಲೆಕ್ಕ ತುಂಬಾ ಸರಳ. ನಿಮ್ಮ ಅಟ್ಯಾಕ್‌ನ (ಹೊಡೆಯುವ ಬಲದ) ಅರ್ಧದಿಂದ ಶತ್ರುವಿನ ಡಿಫೆನ್ಸ್‌ನ (ತಡೆಯುವ ಬಲದ) ಕಾಲು ಭಾಗ ಕಳೆಯಿರಿ. ಬಂದ ಅಂಕಿಯಲ್ಲಿ ಆಚೆ ಈಚೆ ಸ್ವಲ್ಪ ಅದೃಷ್ಟದ ಪಾಲು ಇರುತ್ತದೆ, ಅದನ್ನು ಸದ್ಯಕ್ಕೆ ಬಿಡೋಣ. ನಿಮ್ಮ ಅಟ್ಯಾಕ್ 20, ಶತ್ರುವಿನ ಡಿಫೆನ್ಸ್ 8 ಅಂದುಕೊಳ್ಳಿ. ಹತ್ತರಲ್ಲಿ ಎರಡು ಹೋದರೆ 8. ಶತ್ರುವಿನ ಎಚ್‌ಪಿ 16 ಇದ್ದರೆ ಅವನು ಎರಡು ಏಟಿಗೆ ಸಾಯುತ್ತಾನೆ. ಈಗ ಅಂಗಡಿಯಲ್ಲಿ ಅಟ್ಯಾಕ್‌ಗೆ 10 ಕೂಡುವ ಕತ್ತಿ ಕೊಂಡಿರಿ. ಏಟು 13 ಆಯಿತು. ಅಂಕಿ ದೊಡ್ಡದಾಗಿ ಕಾಣುತ್ತದೆ, ಆದರೆ ಶತ್ರು ಸಾಯುವುದು ಎರಡೇ ಏಟಿಗೆ. ಮುಂದಿನ ಊರಿನಲ್ಲಿ 16 ಕೂಡುವ ಕತ್ತಿ ಸಿಗುತ್ತದೆ. ಏಟು ಸರಿಯಾಗಿ 16. ನಿನ್ನೆಯವರೆಗೆ ಎರಡು ಏಟು ತಿನ್ನುತ್ತಿದ್ದ ಅದೇ ಶತ್ರು ಇವತ್ತು ಒಂದಕ್ಕೇ ಬಿದ್ದ.

ಆಟಗಾರ "ಆಹಾ" ಅನ್ನುವುದು ಅಲ್ಲಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಿಮಗೆ ಖುಷಿ ಕೊಡುವುದು ಪರದೆಯ ಮೇಲೆ ಹಾರುವ ಅಂಕಿ ಅಲ್ಲ. ಎರಡು ಏಟು ಒಂದಾಯಿತಲ್ಲ, ಅದು. ನಮ್ಮ ಇಡೀ ದಿನದ ಕೆಲಸ ಆ ಎರಡು ಯಾವಾಗ ಒಂದಾಗಬೇಕು, ಮೂರು ಯಾವಾಗ ಎರಡಾಗಬೇಕು ಅಂತ ಜಾಗ ಹುಡುಕುವುದು.

ಈಗ ಹಳೆಯ ವೀರನನ್ನು ಹಾಗೇ ತನ್ನಿ. ಅವನ ಅಟ್ಯಾಕ್ 300 ಇರಲಿ. ಅದೇ ಡಿಫೆನ್ಸ್ 8 ಇರುವ ಶತ್ರುವಿಗೆ ಅವನ ಏಟು 148. ಎರಡು ಏಟಿನ ಕಾದಾಟವೇ ಬೇಕು ಅಂದರೆ ಶತ್ರುವಿಗೆ 296 ಎಚ್‌ಪಿ ಕೊಡಬೇಕು. ಸರಿ, ಕೊಟ್ಟೆವು. ಹಿಂದೆ ಖುಷಿ ಕೊಟ್ಟ 16ರ ಕತ್ತಿಯನ್ನು ಈಗ ಕೈಗೆ ಕೊಡಿ. ಏಟು 156. ಶತ್ರು ಮತ್ತೆ ಎರಡೇ ಏಟಿಗೆ ಸಾಯುತ್ತಾನೆ. ಒಂದು ಏಟಿಗೆ ಬೀಳಬೇಕು ಅಂದರೆ 296 ಕೂಡುವ ಕತ್ತಿ ಬೇಕು. ಅದನ್ನೂ ಕೊಟ್ಟೆವು ಅನ್ನಿ. ಆಗ ನಿಮ್ಮ ಹತ್ತಿರ ಇರುವುದು ಏನು? ಹಿಂದೆ ಇದ್ದ ಅದೇ ಎರಡು ಏಟು, ಅದೇ ಒಂದು ಏಟು. ಅಂಕಿಗಳಷ್ಟೇ ಉದ್ದ. ಅಂದರೆ ಲೆವೆಲ್ ಒಂದರ ಆಟವನ್ನೇ ಆಡುತ್ತಿದ್ದೀರಿ, ಮೇಲೆ 99 ಅಂತ ಚೀಟಿ ಅಂಟಿಸಿದೆ. ನೀವು ಉಳಿಸಿಕೊಂಡೆ ಅಂದುಕೊಂಡದ್ದು ಉಳಿದೇ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಅಂಕಿಗಳಿಗೆ ಒಂದು ಛಾವಣಿ ಇರುತ್ತದೆ. ಫೈನಲ್ ಫ್ಯಾಂಟಸಿ ಸರಣಿಯಲ್ಲಿ ಬಹಳ ಕಾಲ ಒಂದು ಏಟಿನ ಮಿತಿ 9999. ಹತ್ತನೇ ಆಟದಲ್ಲಿ, 2001ರಲ್ಲಿ, ಆ ಮಿತಿ ಮುರಿಯುವ ವಿಶೇಷ ಶಕ್ತಿ ಇಟ್ಟರು. 99,999ರವರೆಗೆ ಹೋಗಬಹುದು. ಅದನ್ನು ಗಳಿಸಲು ಜನ ಎಷ್ಟು ಒದ್ದಾಡಿದರು ಅಂತ ಆ ಆಟ ಆಡಿದವರಿಗೆ ಗೊತ್ತು. ಅಲ್ಲಿಂದ ಮುಂದಿನ ಆಟ ಶುರು ಮಾಡಿ ಅಂದರೆ ಎಲ್ಲಿಗೆ ಹತ್ತಿಸುವುದು?

ಅದಕ್ಕೇ ಆ ಕಥೆಯ ಮುಂದುವರಿಕೆ ಫೈನಲ್ ಫ್ಯಾಂಟಸಿ ಟೆನ್-ಟು 2003ರಲ್ಲಿ ಬಂದಾಗ ಏನು ಮಾಡಿದರು ನೋಡಿ. (ಹತ್ತನೇ ಆಟ ಇನ್ನೂ ಆಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ನಾಯಕಿ ಯೂನಾಳ ಶಕ್ತಿ ಎಂದರೆ ಅವಳು ಕರೆಯುತ್ತಿದ್ದ ಏಯಾನ್ ಎಂಬ ದೈತ್ಯ ಜೀವಿಗಳು. ಮೊದಲ ಆಟದ ಕೊನೆಯಲ್ಲೇ ಅವು ಇಲ್ಲವಾದವು. ಕಥೆಗೆ ಅದು ಬೇಕಾಗಿತ್ತು. ಎರಡು ವರ್ಷ ಕಳೆದಮೇಲೆ ಅದೇ ಯೂನಾ ಕೈಯಲ್ಲಿ ಜೋಡಿ ಬಂದೂಕು ಹಿಡಿದು, ವೇಷ ಬದಲಿಸಿದಂತೆ ಕಸುಬು ಬದಲಿಸುವ ಹೊಸ ಪದ್ಧತಿಯಲ್ಲಿ ಲೆವೆಲ್ ಒಂದರಿಂದ ಬರುತ್ತಾಳೆ. ಬಂದೂಕಿನ ಬಗ್ಗೆ, ಹಾಡಿನ ಬಗ್ಗೆ ಅಭಿಮಾನಿಗಳ ಜಗಳ ಇನ್ನೂ ಮುಗಿದಿಲ್ಲ. ಆದರೆ ಹಳೆಯ ಶಕ್ತಿ ಯಾಕೆ ಹೋಯಿತು ಅಂತ ತಕರಾರು ತೆಗೆದವರನ್ನು ನಾನು ನೋಡಿಲ್ಲ. ಕಾರಣ ಕಣ್ಣೆದುರೇ ಇತ್ತು.

ಡ್ರ್ಯಾಗನ್ ಕ್ವೆಸ್ಟ್ 2 ಇನ್ನೂ ಹಳೆಯದು, 1987ರದ್ದು. ಅದನ್ನು ರೂಪಿಸಿದ ಯೂಜಿ ಹೋರಿಯವರು ಅಲ್ಲಿ ಈ ಸಮಸ್ಯೆಯನ್ನು ಸುತ್ತಿಬಳಸದೆ ತೀರಿಸಿದರು. ಮೊದಲ ಆಟದ ವೀರನನ್ನು ಬಿಟ್ಟು ಅವನ ವಂಶದವರನ್ನು ತಂದರು. ಮಕ್ಕಳು ಮರಿಮಕ್ಕಳು ಒಂದರಿಂದ ಶುರು ಮಾಡಿದರೆ ಯಾರಿಗೆ ಬೇಜಾರು?

ಇನ್ನು ಕಿಂಗ್‌ಡಮ್ ಹಾರ್ಟ್ಸ್. ಪಾಪ ಅದರ ನಾಯಕ ಸೋರಾ. 2002ರಲ್ಲಿ ಜಗತ್ತು ಉಳಿಸಿದ. 2004ರ ಚೇನ್ ಆಫ್ ಮೆಮೊರೀಸ್‌ನಲ್ಲಿ ಒಂದು ಕೋಟೆಯ ಬಾಗಿಲು ದಾಟಿದ ಕೂಡಲೇ ಕಲಿತದ್ದೆಲ್ಲ ಮರೆತ. ಅಲ್ಲಿ ಅದು ಒಪ್ಪುತ್ತದೆ, ಯಾಕೆಂದರೆ ಇಡೀ ಆಟವೇ ನೆನಪು ಕಳೆದುಕೊಳ್ಳುವುದರ ಬಗ್ಗೆ. ಆದರೆ 2019ರಲ್ಲಿ ಮೂರನೇ ಭಾಗ ಬಂದಾಗಲೂ ಅವನು ಶಕ್ತಿ ಕಳೆದುಕೊಂಡೇ ಬಂದ. ಅಭಿಮಾನಿಗಳು ನಕ್ಕರು. ಅದು ನ್ಯಾಯವಾದ ನಗು. ನೆಪ ಒಂದು ಸಲ ನಡೆಯುತ್ತದೆ, ಸಲಸಲಕ್ಕೂ ನಡೆಯುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರಿಹಾರ ಗೋಲ್ಡನ್ ಸನ್‌ನದ್ದು. ಮೊದಲ ಭಾಗ 2001, ಎರಡನೆಯದು ದಿ ಲಾಸ್ಟ್ ಏಜ್, 2002. ಎರಡರಲ್ಲೂ ಒಂದೇ ಕಥೆ ಮುಂದುವರಿಯುತ್ತದೆ. ಆದರೆ ಎರಡನೆಯದರಲ್ಲಿ ನಾಯಕ ಐಸಾಕ್ ಅಲ್ಲ, ಫೆಲಿಕ್ಸ್. ಅವನ ತಂಡ ಕೆಳಗಿನಿಂದ ಹತ್ತುತ್ತದೆ. ಐಸಾಕ್ ಮತ್ತು ಗೆಳೆಯರು ಬಹಳ ಮುಂದೆ, ಆಟದ ಕೊನೆಯ ಭಾಗದಲ್ಲಿ ಬಂದು ಸೇರುತ್ತಾರೆ. ಆಗ ಅವರು ನೀವು ಬೆಳೆಸಿದ ಅದೇ ಲೆವೆಲ್, ಅದೇ ಆಯುಧದ ಜೊತೆ ಬರುತ್ತಾರೆ. ಅಷ್ಟು ಹೊತ್ತಿಗೆ ಫೆಲಿಕ್ಸ್ ಕೂಡ ಬೆಳೆದಿರುತ್ತಾನೆ. ಹಳೆಯವರ ಬಲ ಯಾವ ಲೆಕ್ಕವನ್ನೂ ಕೆಡಿಸುವುದಿಲ್ಲ. ಲೆವೆಲ್ ಉಳಿಸಿಯೂ ಕೊಟ್ಟರು, ಕೇಡಾಗದ ಜಾಗ ನೋಡಿ ಕೊಟ್ಟರು.

ಆ ಮಾಹಿತಿ ಒಂದು ಆಟದಿಂದ ಇನ್ನೊಂದಕ್ಕೆ ಸಾಗಿಸಲು ಕೇಬಲ್ ಬೇಕಿತ್ತು. ಇಲ್ಲದವರಿಗೆ ಪಾಸ್‌ವರ್ಡ್. ಎಲ್ಲವೂ ಬರಬೇಕು ಅಂದರೆ 260 ಅಕ್ಷರದ ಪಾಸ್‌ವರ್ಡ್! ಗೇಮ್ ಬಾಯ್ ಅಡ್ವಾನ್ಸ್‌ನ ಪುಟ್ಟ ಪರದೆ ನೋಡಿಕೊಂಡು ಮಕ್ಕಳು ಅದನ್ನು ನೋಟ್‌ಬುಕ್‌ನಲ್ಲಿ ಬರೆದರು. ಮತ್ತೆ ಒಂದೊಂದೇ ಅಕ್ಷರ ಒತ್ತಿ ತುಂಬಿದರು. ಒಂದು ಅಕ್ಷರ ತಪ್ಪಿದರೆ ಕೂತು ಹುಡುಕಬೇಕು. ಇಂಥವರ ಮೇಲೆ ಹೇಗೆ ಸಿಟ್ಟು ಮಾಡಿಕೊಳ್ಳುವುದು ಹೇಳಿ.

ಆ 260 ಅಕ್ಷರ ನೋಡಿದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟು. ಲೆವೆಲ್ ಬಿಡಬೇಡಿ ಅನ್ನುವವರಿಗೆ ನಿಜವಾಗಿ ಬೇಕಾದದ್ದು ಲೆವೆಲ್ ಅಲ್ಲ. ತಾವು ಅಲ್ಲಿ ಇದ್ದೆವು, ಆ ರಾತ್ರಿಗಳೆಲ್ಲ ನಡೆದದ್ದು ನಿಜ ಅಂತ ಹೊಸ ಆಟ ಒಂದು ಸಲ ಒಪ್ಪಿಕೊಳ್ಳಬೇಕು. ಸುಯಿಕೋಡೆನ್ 2 ಇದನ್ನು 1998ರಲ್ಲೇ ಅರ್ಥ ಮಾಡಿಕೊಂಡಿತ್ತು. ಹೊಸ ನಾಯಕ, ಹೊಸ ಯುದ್ಧ. ಆದರೆ ಮೊದಲ ಆಟದ ಸೇವ್ ಕೊಟ್ಟಿದ್ದರೆ ಅದರ ನಾಯಕನನ್ನೇ ನಿಮ್ಮ ತಂಡಕ್ಕೆ ಸೇರಿಸಿಕೊಳ್ಳಬಹುದು. ನೀವು ಇಟ್ಟ ಹೆಸರಿನಲ್ಲೇ ಬರುತ್ತಾನೆ. ಅವನು ಬಂದು ನಿಂತಾಗ ಅವನ ಅಟ್ಯಾಕ್ ಎಷ್ಟು ಅಂತ ಯಾರೂ ಮೊದಲು ನೋಡುವುದಿಲ್ಲ.

ಈಚಿನದಕ್ಕೆ ಬಂದರೆ, ಫೈನಲ್ ಫ್ಯಾಂಟಸಿ 7 ರೀಮೇಕ್ 2020ರ ಏಪ್ರಿಲ್‌ನಲ್ಲಿ ಬಂತು, ಅದರ ಮುಂದಿನ ಭಾಗ ರೀಬರ್ತ್ 2024ರ ಫೆಬ್ರವರಿಯಲ್ಲಿ. ಲೆವೆಲ್ ಮುಂದುವರಿಯಲಿಲ್ಲ. ಹಳೆಯ ಸೇವ್ ಇದ್ದವರಿಗೆ ಲೆವಿಯಾಥನ್ ಎಂಬ ದೈತ್ಯ ಜೀವಿಯನ್ನು ಕರೆಯುವ ಮಟೀರಿಯಾ (ಮಂತ್ರದ ಗೋಲಿ) ಉಡುಗೊರೆ ಕೊಟ್ಟರು. ಒಳ್ಳೆಯದೇ. ಆದರೂ ಉಡುಗೊರೆ ಬೇರೆ, ಗುರುತು ಹಿಡಿಯುವುದು ಬೇರೆ. ನನಗೆ ಕೇಳಿದರೆ ಸುಯಿಕೋಡೆನ್‌ನ ದಾರಿಯೇ ಮೇಲು.

ನಾನು ಹೇಳಿದ್ದು ಕಲ್ಲಿನ ಮೇಲೆ ಕೊರೆದ ನಿಯಮವೇನಲ್ಲ. ಟ್ರೇಲ್ಸ್ ಇನ್ ದಿ ಸ್ಕೈ ಎರಡನೇ ಭಾಗದಲ್ಲಿ, 2006ರಲ್ಲಿ, ಲೆವೆಲ್ ಮುಂದುವರಿಯಲು ಬಿಟ್ಟರು. ಮೊದಲ ಭಾಗ ಮುಗಿದ ಕ್ಷಣದಿಂದಲೇ ಅದರ ಕಥೆ ಶುರು, ಹಾಗಾಗಿ ಬೇರೆ ದಾರಿಯೂ ಇರಲಿಲ್ಲ. ಆದರೆ ಗಮನಿಸಿ, ಮಂತ್ರ ಹಾಕಲು ಬಳಸುವ ಯಂತ್ರದ ಹೊಸ ಮಾದರಿ ಬಂದಿದೆ, ಹಳೆಯ ಕ್ವಾರ್ಟ್ಸ್ (ಆ ಯಂತ್ರದಲ್ಲಿ ಕೂರಿಸುವ ಮಂತ್ರದ ಕಲ್ಲು) ಇದಕ್ಕೆ ಹೊಂದುವುದಿಲ್ಲ ಅಂತ ಮೆಲ್ಲಗೆ ಎಲ್ಲ ಖಾಲಿ ಮಾಡಿಸಿದರು. ಲೆವೆಲ್ ಬಿಟ್ಟುಕೊಟ್ಟು ಮಂತ್ರದ ಪೆಟ್ಟಿಗೆ ಕಿತ್ತುಕೊಂಡರು. ಲೆಕ್ಕದವರು ಎಲ್ಲಾದರೂ ಒಂದು ಕಡೆ ವಸೂಲಿ ಮಾಡಿಯೇ ಮಾಡುತ್ತಾರೆ.

ಇನ್ನೊಂದು ವಿಷಯ, ಯಾರೂ ಒಪ್ಪಿಕೊಳ್ಳದ್ದು. ಎರಡು ಭಾಗಗಳ ನಡುವೆ ವರ್ಷಗಳು ಕಳೆದಿರುತ್ತವೆ, ನೀವು ಆಟ ಮರೆತಿರುತ್ತೀರಿ. ಹಳೆಯ ವೀರನನ್ನು ಕೊಡಿ ಅಂತ ಎಲ್ಲರಿಗಿಂತ ಜೋರಾಗಿ ವಾದ ಮಾಡಿದ ಒಬ್ಬರನ್ನು ಆ ಪರೀಕ್ಷಾ ಬಿಲ್ಡ್ ಮುಂದೆ ಕೂರಿಸಿದ್ದೆವು. ಮೆನು ತೆರೆದರು. ಮೂರು ಪುಟ ಮಂತ್ರ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿದರು. ಯಾವುದು ಏನು ಅಂತ ನೆನಪಿಲ್ಲ. ಬಾಸ್ ಏಟು ಎತ್ತಿದಾಗ ತಡೆಯುವ ಬಟನ್ ಯಾವುದು ಅಂತಲೂ ನೆನಪಿಲ್ಲ. ಕೊನೆಗೆ ಸುಮ್ನೆ ಕತ್ತಿ ಬೀಸುತ್ತಾ ಹೋದರು. ಮೊದಲ ಭಾಗವನ್ನು ಆಡದೇ ಬಂದ ಹೊಸಬರ ಗತಿ ಏನು ಅಂತ ನೀವೇ ಊಹಿಸಿ. ಒಂದೊಂದೇ ಮಂತ್ರ ಕೊಡುತ್ತಾ ಬರುವುದು ಅವರಿಗಾಗಿ ಅಂತ ಜನ ತಿಳಿದಿದ್ದಾರೆ. ಹಳಬರಿಗೂ ಅದು ಅಷ್ಟೇ ಬೇಕು.

ಹಾಗಂತ ತೆಪ್ಪಗಿರಿ ಅಂತ ನಾನು ಹೇಳುತ್ತಿಲ್ಲ. ಅಭಿಮಾನಿಗಳು ಕೇಳಿದ್ದರಿಂದ ಸುಧಾರಿಸಿದ ಆಟಗಳಿವೆ. ಆಕ್ಟೋಪಾತ್ ಟ್ರಾವೆಲರ್ 2018ರಲ್ಲಿ ಬಂದಾಗ ಎಲ್ಲರದ್ದೂ ಒಂದೇ ದೂರು: ಎಂಟು ಜನ ಒಟ್ಟಿಗೆ ಓಡಾಡುತ್ತಾರೆ, ಅವರ ಕಥೆಗಳು ಮಾತ್ರ ಒಂದಕ್ಕೊಂದು ತಾಗುವುದೇ ಇಲ್ಲ. 2023ರ ಎರಡನೇ ಭಾಗದಲ್ಲಿ ಇಬ್ಬಿಬ್ಬರು ಸೇರಿ ನಡೆಸುವ ಅಧ್ಯಾಯಗಳು ಬಂದವು. ಆ ದೂರು ಆಟ ಆಡುವಾಗ ಎಲ್ಲಿ ಬೇಜಾರಾಯಿತು ಅಂತ ಹೇಳುತ್ತಿತ್ತು. ಅಂಥದ್ದು ಸಿಕ್ಕರೆ ನಮಗೂ ಹಬ್ಬ.

ಲೆವೆಲ್ ವಿಷಯದಲ್ಲೂ ಕೇಳಬೇಕಾದದ್ದು ಇದೆ. ನಡೆಯುವುದು ಹೇಗೆ, ಮಾತಾಡಿಸುವುದು ಹೇಗೆ, ಔಷಧಿ ಕುಡಿಯುವುದು ಹೇಗೆ ಅಂತ ಎರಡು ಗಂಟೆ ಪಾಠ ಮಾಡುವ ಆಟಗಳನ್ನು ಚೆನ್ನಾಗಿ ಬೈಯಿರಿ. ನಾನೂ ನಿಮ್ಮ ಜೊತೆ ಬೈಯುತ್ತೇನೆ. ಶಕ್ತಿ ಒಂದರಿಂದ ಶುರುವಾಗಲಿ, ಬುದ್ಧಿ ಯಾಕೆ ಒಂದರಿಂದ ಶುರುವಾಗಬೇಕು? ಹಿಂದಿನ ಭಾಗ ಆಡಿದ್ದೀರಾ ಅಂತ ಮೊದಲೇ ಕೇಳಿ, ಹೌದು ಅಂದವರಿಗೆ ಪಾಠ ಬಿಟ್ಟು ನೇರವಾಗಿ ಒಳಗೆ ಬಿಡಲಿ. ಪಟ್ಟಿಯ ಮೊದಲ ಸಾಲಿಗೆ ಅದನ್ನು ಹಾಕಿ. ಬಿಟ್ಟ ಪಾಠ ಆಮೇಲೆ ಮೆನುವಿನಲ್ಲಿ ಸಿಗುವ ಹಾಗೆ ಇರಲಿ ಅಂತಲೂ ಅದರ ಕೆಳಗೆ ಬರೆಯಿರಿ. ತಡೆಯುವ ಬಟನ್ ಯಾವುದು ಅಂತ ಹುಡುಕಲು ಬೇಕಾಗುತ್ತದೆ.