ಮಳೆ ರಜೆಗಿಂತ ಮನೆ ರಜೆ ದುಬಾರಿ

ಜುಲೈ ತಿಂಗಳಲ್ಲಿ ಉತ್ತರ ಕನ್ನಡದ ಮಕ್ಕಳು ಮಲಗುವ ಮುಂಚೆ ಕೇಳುವ ಪ್ರಶ್ನೆ ಒಂದೇ: ನಾಳೆ ರಜೆಯಾ? ಕಾರವಾರದಿಂದ ಭಟ್ಕಳದವರೆಗೆ ಮಳೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಹಳ್ಳ ತುಂಬಿ ಕಾಲುಸಂಕ ದಾಟುವ ಹಾಗಿರುವುದಿಲ್ಲ. ಜಿಲ್ಲಾಧಿಕಾರಿಯವರ ಆದೇಶ ವಾಟ್ಸಾಪ್‌ಗೆ ಬಂತೆಂದರೆ ಮಕ್ಕಳಿಗೆ ಹಬ್ಬ, ಅಪ್ಪ-ಆಯಿಗೆ ತಲೆಬಿಸಿ. ಹೀಗೆ ರಜೆ ಕೊಡ್ತಾ ಹೋದ್ರೆ ಓದೋದು ಯಾವಾಗ?

ಆದರೆ ಇಷ್ಟು ತಲೆಬಿಸಿ ಮಾಡಿಕೊಳ್ಳಬೇಕಾದ್ದು ಮಳೆ ರಜೆಗಲ್ಲ. 'ಒಂದು ದಿನ ತಾನೆ' ಅಂತ ನಾವೇ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇವಲ್ಲ, ಆ ರಜೆಗೆ.

ಜೋಶುವಾ ಗುಡ್‌ಮನ್ ಎಂಬ ಅರ್ಥಶಾಸ್ತ್ರಜ್ಞ 2014ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಕ್ಕಳ ಹಾಜರಿ ಮತ್ತು ಅಂಕಗಳನ್ನು ಜೊತೆಗಿಟ್ಟು ನೋಡಿದರು. ಅಲ್ಲಿನ ತೊಂದರೆ ಮಳೆಯದ್ದಲ್ಲ, ಹಿಮದ್ದು. ಹಿಮ ಜೋರಾಗಿ ಬಿದ್ದ ದಿನ ಶಾಲೆಗೇ ರಜೆ. ಸಾಧಾರಣವಾಗಿ ಬಿದ್ದರೆ ಶಾಲೆ ನಡೆಯುತ್ತದೆ, ಕೆಲವು ಮಕ್ಕಳು ಮಾತ್ರ ಬರುವುದಿಲ್ಲ. ಶಾಲೆಗೇ ಬಾಗಿಲು ಹಾಕಿದ ದಿನಗಳಿಂದ ಅಂಕ ಕಡಿಮೆಯಾದದ್ದು ಕಾಣಲಿಲ್ಲ. ಶಾಲೆ ನಡೆಯುತ್ತಿದ್ದಾಗ ತಪ್ಪಿಸಿದ ದಿನಗಳಿಂದ ಕಡಿಮೆಯಾಗಿತ್ತು. ಗಣಿತದಲ್ಲಿ ಈ ಪೆಟ್ಟು ಚೆನ್ನಾಗಿಯೇ ಕಾಣಿಸಿತು.

ಕಾರಣ ಕಷ್ಟದ್ದೇನಲ್ಲ. ಎಲ್ಲರಿಗೂ ರಜೆಯಾದರೆ ಪಾಠವೂ ಅಲ್ಲೇ ನಿಂತಿರುತ್ತದೆ. ಶಾಲೆ ತೆರೆದ ಮೇಲೆ ಅಕ್ಕೋರು ಬಿಟ್ಟಲ್ಲಿಂದ ಶುರು ಮಾಡುತ್ತಾರೆ, ಶನಿವಾರ ಜಾಸ್ತಿ ಹೊತ್ತು ಕೂರಿಸಿ ಸರಿದೂಗಿಸುತ್ತಾರೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಇಡೀ ಊರೇ ಅಲ್ಲಿರುತ್ತದೆ. ಆಗ ಮಗು ಪೇಟೆ ಸುತ್ತಿ ತೊಟ್ಟಿಲು ಹತ್ತಿದರೆ ದೊಡ್ಡ ನಷ್ಟವೇನೂ ಇಲ್ಲ. ಆದರೆ ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಸೋಮವಾರ ಒಬ್ಬ, ಬುಧವಾರ ಇನ್ನಿಬ್ಬರು ತಪ್ಪಿಸಿದರೆ ಅಕ್ಕೋರು ಯಾರಿಗೆ ಅಂತ ಕಾಯುವುದು?

ಐದನೇ ಕ್ಲಾಸಿನ ಭಿನ್ನರಾಶಿ ನೋಡಿ. 1/5ಕ್ಕೆ 2/5 ಕೂಡಿಸಿದರೆ 3/5 ಅಂತ ಮಗು ಕಲಿತಿದೆ. ಮರುದಿನ ಛೇದ ಬೇರೆ ಬೇರೆ ಇದ್ದರೆ ಏನು ಮಾಡಬೇಕು ಅಂತ ಪಾಠ. ಅವತ್ತು ಅದು ಅಜ್ಜನ ಮನೆಯ ಮದುವೆಯಲ್ಲಿ ಹೋಳಿಗೆ ತಿನ್ನುತ್ತಿತ್ತು. ವಾಪಸ್ ಬಂದಾಗ ಬೋರ್ಡಿನ ಮೇಲೆ 1/2 + 1/3. ಮೇಲಿನದ್ದು ಮೇಲೆ, ಕೆಳಗಿನದ್ದು ಕೆಳಗೆ ಕೂಡಿಸಿ 2/5 ಅಂತ ಬರೆಯುತ್ತದೆ. 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅರ್ಧವೂ ಉಳಿಯಲಿಲ್ಲ! ಸರಿಯುತ್ತರ 5/6. ಮಗು ದಡ್ಡ ಅಲ್ಲ. ತನಗೆ ಗೊತ್ತಿದ್ದ ಕಡೆಯಿಂದ ಸೇತುವೆ ಇಲ್ಲದೆ ಮುಂದೆ ಹೋಗಿದೆ, ಅಷ್ಟೇ. ಆಮೇಲಿನ ವ್ಯವಕಲನ, ಬಾಯಿಲೆಕ್ಕ ಎಲ್ಲ ನಿಲ್ಲುವುದು ಇದರ ಮೇಲೆ. ಹೀಗಾಗಿ ತಪ್ಪಿದ್ದು ಒಂದು ದಿನವಾದರೂ ಅರ್ಥವಾಗದ್ದು ಒಂದು ವಾರದ ಪಾಠ.

ನೆನಪು ಕೆಲಸ ಮಾಡುವ ರೀತಿಯೂ ಇಲ್ಲಿ ಸೇರಿಕೊಳ್ಳುತ್ತದೆ. ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಒಂದೆರಡು ದಿನದಲ್ಲೇ ಜೋರು, ಆಮೇಲೆ ನಿಧಾನ. ಒಂದೇ ದಿನ ಕೂತು ಉರು ಹೊಡೆಯುವುದಕ್ಕಿಂತ ಕೆಲವು ದಿನಗಳಿಗೆ ಹಂಚಿದರೆ ಕಡಿಮೆ ಶ್ರಮದಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಅವರೇ ಕಂಡರು. ದಿನಾ ಶಾಲೆಗೆ ಹೋಗುವ ಮಗುವಿಗೆ ಇದು ಕೇಳದೆಯೇ ಸಿಗುತ್ತದೆ: ನಿನ್ನೆಯ ಮಗ್ಗಿ ಇವತ್ತು ಇನ್ನೊಮ್ಮೆ, ಹೋದ ವಾರದ ಪದ ಈ ವಾರ ಡಿಕ್ಟೇಶನ್‌ನಲ್ಲಿ. ತಪ್ಪಿಸಿದ ಮಗುವಿಗೆ ಹೊಸ ಪಾಠದ ಜೊತೆ ಹಳೆಯದರ ಈ ಸುತ್ತೂ ಹೋಗುತ್ತದೆ. ಕಾರವಾರದಲ್ಲಿ ಮನೆಯಲ್ಲಿ ಕೊಂಕಣಿ ಆಡಿ, ಶಾಲೆಯಲ್ಲಿ ಮಾತ್ರ ಕನ್ನಡ ಕೇಳುವ ಮಕ್ಕಳಿಗಂತೂ ಗಣಿತ, ವಿಜ್ಞಾನದ ಜೊತೆ ಅವತ್ತಿನ ಕನ್ನಡವೂ ಹೋಯಿತು.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಇದಕ್ಕೊಂದು ಉಪಾಯವಿದೆ. ಮೂರನೇ ಕ್ಲಾಸಿನವರೆಗೆ ಮಗು ಕಲಿಕಾ ಏಣಿಯನ್ನು, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳನ್ನು, ತನ್ನದೇ ವೇಗದಲ್ಲಿ ಹತ್ತುತ್ತದೆ. ನಾಲ್ಕು ದಿನ ತಪ್ಪಿಸಿ ಬಂದರೂ ತಾನು ಬಿಟ್ಟ ಮೆಟ್ಟಿಲಿಂದಲೇ ಶುರು. ನನಗಂತೂ ಇದು ತುಂಬಾ ಜಾಣತನದ ಏರ್ಪಾಡು ಅನಿಸುತ್ತದೆ. ಆದರೆ ನಾಲ್ಕನೇ ಕ್ಲಾಸಿಗೆ ಏಣಿ ಇಲ್ಲ, ಎಲ್ಲರಿಗೂ ಒಂದೇ ಪಾಠ. 'ಚಿಕ್ಕವನಿದ್ದಾಗ ರಜೆ ಹಾಕಿದ್ರೂ ನಡೀತಿತ್ತು' ಅನ್ನುವ ಮನೆಗಳಲ್ಲಿ ಪೆಟ್ಟು ಬೀಳುವುದು ಇಲ್ಲಿಂದ.

ಲೆಕ್ಕ ಹಾಕಿ ನೋಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಐದನೇ ಕ್ಲಾಸಿನವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ. ಅಮೆರಿಕದಲ್ಲಿ ಶೇ. 10ರಷ್ಟು ದಿನ ತಪ್ಪಿಸಿದರೆ ಆ ಮಗುವಿನ ಬಗ್ಗೆ ಗಮನ ಕೊಡಬೇಕು ಅಂತ ಪಟ್ಟಿ ಮಾಡುತ್ತಾರೆ. ನಮ್ಮ 200ರಲ್ಲಿ ಅದು 20 ದಿನ. ಅಂದರೆ ತಿಂಗಳಿಗೆ ಬರೀ ಎರಡು! ರಾತ್ರಿ ಯಕ್ಷಗಾನ ನೋಡಿ ಬೆಳಿಗ್ಗೆ ಎದ್ದಿಲ್ಲ, ಅಡಿಕೆ ಕೊನೆಕೊಯ್ಲಿಗೆ ಕೈ ಸಾಲದು, ತಮ್ಮನ್ನ ನೋಡ್ಕೊಳ್ಳೋಕೆ ಯಾರೂ ಇಲ್ಲ. ಎರಡು ದಿನ ಹೇಗೆ ಹೋದವು ಅಂತಾನೇ ಗೊತ್ತಾಗುವುದಿಲ್ಲ, ಅಲ್ವಾ?

ಹಾಗಂತ ಜ್ವರ ಬಂದ ಮಗುವನ್ನು ಕಳಿಸಬಾರದು. ನೂರಕ್ಕೆ ನೂರು ಹಾಜರಿಗೆ ಬಹುಮಾನ ಕೊಡುವ ಪದ್ಧತಿ ನನಗೆ ಅಷ್ಟು ಹಿಡಿಸುವುದಿಲ್ಲ. ಮಕ್ಕಳು ಬಹುಮಾನದ ಆಸೆಗೆ ಕೆಮ್ಮುತ್ತಾ ಬಂದು ಬೆಂಚಿನಲ್ಲಿರುವವರಿಗೆಲ್ಲ ಹಂಚುತ್ತಾರೆ. ಸಂಕದ ಮೇಲೆ ನೀರು ಹರಿಯುತ್ತಿದ್ದರೂ ಅಷ್ಟೇ, ಮನೆಯಲ್ಲಿರಲಿ.

ತಪ್ಪಿದ ದಿನದ ಪಾಠಕ್ಕೆ ನಾವು ಮಾಡುವುದು ಗೆಳೆಯನ ನೋಟ್ಸ್ ತಂದು ಬರೆಸುವುದು. ಕೈ ನೋಯುತ್ತದೆ, ತಲೆಗೆ ಹೋಗುವುದು ಕಡಿಮೆ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ನೆನಪಿಸಿಕೊಂಡವರಿಗೆ ವಾರದ ನಂತರ ಜಾಸ್ತಿ ನೆನಪಿತ್ತು. ಮದುವೆಗೆ ಹೋಗಲೇಬೇಕಿದ್ದರೆ ಅವತ್ತು ಏನು ಪಾಠ ಅಂತ ಅಕ್ಕೋರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬಂದ ದಿನ ಅದನ್ನು ಹೇಳಿಕೊಟ್ಟು ಎರಡು ಲೆಕ್ಕ ಮಾಡಿಸಿ. ಎರಡು ದಿನ ಬಿಟ್ಟು ಪುಸ್ತಕ ನೋಡದೆ ಮತ್ತೆರಡು, ವಾರ ಬಿಟ್ಟು ಇನ್ನೆರಡು. ಒಂದು ಸಲಕ್ಕೆ ಹತ್ತು ನಿಮಿಷ ಸಾಕು.