ಕತ್ತಿಗೆ ಹತ್ತಿದ ತಾಮ್ರ

ಮಳೆ ಒಂದೆರಡು ದಿನ ಹೊಳವಾಯಿತೆಂದರೆ ಕಾರ್ಕಳ, ಹೆಬ್ರಿ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಒಂದು ಕಿಲೋ ಮೈಲುತುತ್ತು (ತಾಮ್ರದ ನೀಲಿ ಉಪ್ಪು), ಒಂದು ಕಿಲೋ ಸುಣ್ಣ, 100 ಲೀಟರ್ ನೀರು: ಬೋರ್ಡೋ ದ್ರಾವಣದ ಪಾಕ ಇಷ್ಟೇ. ಸುಣ್ಣ ಸಾಲದಿದ್ದರೆ ದ್ರಾವಣದಲ್ಲಿ ಹುಳಿ ಉಳಿದು ಎಳೆಯ ಕಾಯಿಗಳಿಗೆ ಕೇಡು. ಅದನ್ನು ಪರೀಕ್ಷಿಸಲು ನಮ್ಮ ದೊಡ್ಡಪ್ಪ ಲಿಟ್ಮಸ್ ಕಾಗದ ಹುಡುಕಿದವರಲ್ಲ. ಸೊಂಟದ ಕತ್ತಿಯನ್ನು ತೆಗೆದು, ಅಲಗನ್ನು ತೆಂಗಿನ ಸಿಪ್ಪೆಯಿಂದ ಚೆನ್ನಾಗಿ ಉಜ್ಜಿ, ಡ್ರಮ್ಮಿನೊಳಗೆ ಅದ್ದಿ ಹಿಡಿಯುತ್ತಿದ್ದರು. ಹೊರತೆಗೆದ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಒಂದೇ ಮಾತು: "ಇನ್ನೂ ಸ್ವಲ್ಪ ಸುಣ್ಣ ಹಾಕು."

ಆ ಕೆಂಪು ಲೇಪ ಅಪ್ಪಟ ತಾಮ್ರ. ನೀಲಿ ನೀರಿನಲ್ಲಿದ್ದ ತಾಮ್ರ ಕತ್ತಿಯ ಮೇಲೆ ಬಂದು ಕೂತದ್ದು ಹೇಗೆ ಎಂಬುದನ್ನು ಹೇಳುವ ಲೆಕ್ಕವೇ ಉತ್ಕರ್ಷಣ ಸಂಖ್ಯೆ.

ಶಾಲೆಯಲ್ಲಿ ಇದನ್ನು ನಿಯಮಗಳ ಉದ್ದ ಪಟ್ಟಿಯಾಗಿ ಬಾಯಿಪಾಠ ಮಾಡಿಸುತ್ತಾರೆ. ಹೆದರಿಸುವುದಕ್ಕೆ ಅಷ್ಟು ಸಾಕು. ನಿಜಕ್ಕೂ ಇದು ಅಂಗಡಿಯ ಕಡದ ಪುಸ್ತಕದಂತೆ. ಯಾವ ಪರಮಾಣು ಎಷ್ಟು ಎಲೆಕ್ಟ್ರಾನ್ ಕೊಟ್ಟಿತು, ಯಾವುದು ಎಷ್ಟು ಪಡೆಯಿತು ಎಂದು ಬರೆದಿಡುವುದು. ಕೊಟ್ಟದ್ದಕ್ಕೆ ಕೂಡು, ಪಡೆದದ್ದಕ್ಕೆ ಕಳೆ. ಬಿಡಿ ಲೋಹಕ್ಕೆ ಸೊನ್ನೆ. ಆಮ್ಲಜನಕಕ್ಕೆ ಸಾಮಾನ್ಯವಾಗಿ −2 (ಪೆರಾಕ್ಸೈಡ್‌ಗಳಲ್ಲಿ ಮಾತ್ರ −1). ಇಡೀ ಸಂಯುಕ್ತದ ಮೊತ್ತ ಸೊನ್ನೆಯಾಗಲೇಬೇಕು. ಎಲೆಕ್ಟ್ರಾನ್‌ಗಳು ನಿಜವಾಗಿ ಹೀಗೆ ಪೂರ್ತಿ ಕೈ ಬದಲಾಯಿಸಿರುವುದಿಲ್ಲ. ಬದಲಾಯಿಸಿವೆ ಎಂದು ಭಾವಿಸಿಕೊಂಡು ಬರೆಯುವ ಲೆಕ್ಕ ಇದು.

ಸುಣ್ಣವನ್ನೇ ನೋಡಿ. ಸುಟ್ಟ ಸುಣ್ಣದಲ್ಲಿ ಒಂದು ಕ್ಯಾಲ್ಸಿಯಂ, ಒಂದು ಆಮ್ಲಜನಕ. ಆಮ್ಲಜನಕ −2 ಆದ್ದರಿಂದ ಕ್ಯಾಲ್ಸಿಯಂ +2. ಮೈಲುತುತ್ತು ತಾಮ್ರದ ಸಲ್ಫೇಟ್. ಸಲ್ಫೇಟ್ ಗುಂಪನ್ನು ಬಿಡಿಸುವ ಗೋಜಿಗೆ ಹೋಗದೆ ಇಡಿಯಾಗಿ −2 ಎಂದು ಹಿಡಿದರೆ ತಾಮ್ರ +2. ಹರಳಿನಲ್ಲಿ ಐದು ನೀರಿನ ಅಣುಗಳೂ ಇರುತ್ತವೆ, ಆದರೆ ಅವುಗಳ ಮೊತ್ತ ಸೊನ್ನೆ. ಹರಳನ್ನು ಕಾಯಿಸಿ ಆ ನೀರನ್ನು ಓಡಿಸಿದರೆ ನೀಲಿ ಹೋಗಿ ಬಿಳಿಪುಡಿ ಉಳಿಯುತ್ತದೆ. ಆಗಲೂ ತಾಮ್ರ +2 ಆಗಿಯೇ ಇರುತ್ತದೆ. ಬಣ್ಣ ನೋಡಿ ಸಂಖ್ಯೆ ಹೇಳಹೊರಟರೆ ಮೋಸ ಹೋಗುತ್ತೀರಿ.

ಈಗ ಕತ್ತಿ. ಅಲಗಿನ ಕಬ್ಬಿಣ ಬಿಡಿ ಲೋಹ, ಸೊನ್ನೆ. ಸುಣ್ಣ ಸಾಲದ ದ್ರಾವಣದಲ್ಲಿ +2 ತಾಮ್ರ ಇನ್ನೂ ಕರಗಿಕೊಂಡಿರುತ್ತದೆ. ತಾಮ್ರಕ್ಕಿಂತ ಕಬ್ಬಿಣಕ್ಕೆ ಎಲೆಕ್ಟ್ರಾನ್ ಬಿಟ್ಟುಕೊಡುವ ಸ್ವಭಾವ ಹೆಚ್ಚು. ಕಬ್ಬಿಣ ಎರಡನ್ನು ಕೊಟ್ಟು +2 ಆಗಿ ನೀರಿಗಿಳಿಯುತ್ತದೆ, ತಾಮ್ರ ಅವೆರಡನ್ನೂ ಪಡೆದು ಸೊನ್ನೆಯಾಗಿ ಅಲಗಿಗೆ ಅಂಟುತ್ತದೆ. ಏರಿದ್ದು ಉತ್ಕರ್ಷಣ, ಇಳಿದದ್ದು ಅಪಕರ್ಷಣ. ಸುಣ್ಣ ಸಾಕಷ್ಟಿದ್ದರೆ ತಾಮ್ರ ಮೊದಲೇ ಗಸಿಯಾಗಿ ಕೂತಿರುತ್ತದೆ, ಕತ್ತಿ ಕತ್ತಿಯಾಗಿಯೇ ಹೊರಬರುತ್ತದೆ. ಈ ಮದ್ದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎನ್ನುವುದೂ ಇದಕ್ಕೇ.

ಕಬ್ಬಿಣದ ಲೆಕ್ಕ ಇನ್ನೂ ಸ್ವಾರಸ್ಯದ್ದು. 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆಯಿಂದ ಶುರುವಾದ ಮಂಗಳೂರು ಹೆಂಚಿನ ಕೆಂಪು ಬಣ್ಣಕ್ಕೆ ಫೆರಿಕ್ ಆಕ್ಸೈಡ್ ಕಾರಣ. ಅದರಲ್ಲಿ ಮೂರು ಆಮ್ಲಜನಕ ಸೇರಿ −6, ಎರಡು ಕಬ್ಬಿಣ ಹಂಚಿಕೊಂಡರೆ ತಲಾ +3. ಸಲೀಸು. ಆದರೆ 2005ರ ಕೊನೆಗೆ ಗಣಿ ನಿಲ್ಲುವವರೆಗೂ ಕುದುರೆಮುಖದಿಂದ ಕೊಳವೆಯಲ್ಲಿ ಕೆಸರಾಗಿ ಇಳಿದು ಪಣಂಬೂರಿಗೆ ಬರುತ್ತಿದ್ದ ಕಪ್ಪು ಅದಿರು ಮ್ಯಾಗ್ನೆಟೈಟ್. ಮೂರು ಕಬ್ಬಿಣ, ನಾಲ್ಕು ಆಮ್ಲಜನಕ. ಎಂಟನ್ನು ಮೂರರಿಂದ ಭಾಗಿಸಿದರೆ +2.67! ಎಲೆಕ್ಟ್ರಾನನ್ನು ಚೂರು ಮಾಡಿ ಹಂಚಲು ಅದೇನು ತೆಂಗಿನಕಾಯಿಯೇ? ಮೂವರಲ್ಲಿ ಒಂದು +2, ಉಳಿದೆರಡು +3 ಎಂದು ಬರೆದರೆ ಮೊತ್ತ ಎಂಟು. ನಾವು ತೆಗೆದದ್ದು ಬರೀ ಸರಾಸರಿ. ಪಣಂಬೂರಿನ ಕುಲುಮೆಯಲ್ಲಿ ಆ ಪುಡಿಯನ್ನು ಗುಂಡುಕಟ್ಟಿ ಗಾಳಿಯಲ್ಲಿ ಸುಡುವಾಗ +2 ಇದ್ದ ಕಬ್ಬಿಣವೂ ಇನ್ನೊಂದು ಎಲೆಕ್ಟ್ರಾನ್ ಕೊಟ್ಟು +3 ಆಗುತ್ತಿತ್ತು. ಕಪ್ಪಾಗಿ ಬಂದ ಅದಿರು ಅಲ್ಲಿಂದ ಹೆಂಚಿನಲ್ಲಿರುವ ಅದೇ ಆಕ್ಸೈಡ್ ಆಗಿ ಹಡಗು ಹತ್ತುತ್ತಿತ್ತು.