ಹಾಡಿಗೂ ಗೋಡೆಗೂ ಅನುದಾನ ಕೇಳುವಾಗ: ಒಂದು ಅಧ್ಯಯನ ಟಿಪ್ಪಣಿ

ಅರ್ಜಿ ನಮೂನೆ ತೆರೆಯುವ ಮುಂಚೆ ಒಂದು ಸಾಲು ಬರೆದಿಟ್ಟುಕೊಳ್ಳಿ: ನಾವು ಉಳಿಸಲು ಹೊರಟಿರುವುದು ಏನು, ಅದು ಯಾರ ಹತ್ತಿರ ಇದೆ. ಎಲ್ಲಿ ಅರ್ಜಿ ಹಾಕಬೇಕು, ಯಾರ ಒಪ್ಪಿಗೆ ಬೇಕು, ದುಡ್ಡು ಯಾರಿಗೆ ಹೋಗಬೇಕು ಅನ್ನುವುದೆಲ್ಲ ಈ ಸಾಲಿನಿಂದಲೇ ತೀರ್ಮಾನವಾಗುತ್ತದೆ. ‘ಉತ್ತರ ಕನ್ನಡದ ಸಂಸ್ಕೃತಿಯ ಸಂರಕ್ಷಣೆ’ ಎಂದು ಬರೆದರೆ ಓದುವವರ ಕಣ್ಣಿಗೆ ಏನೂ ಕಾಣುವುದಿಲ್ಲ. ‘ಅಂಕೋಲಾ ತಾಲೂಕಿನ ಒಂದು ಹಾಲಕ್ಕಿ ಕೊಪ್ಪದ ಹಿರಿಯ ಹೆಂಗಸರು ಹೇಳುವ ಮದುವೆ ಹಾಡುಗಳ ಧ್ವನಿಮುದ್ರಣ’ ಎಂದರೆ ಕೆಲಸ ಕಾಣುತ್ತದೆ, ಅಲ್ವಾ? (ಹಾಲಕ್ಕಿಗಳು ಈ ಜಿಲ್ಲೆಯ ಒಂದು ಸಮುದಾಯ, ಕೊಪ್ಪ ಎಂದರೆ ಅವರ ಕೇರಿ.)

ಕಟ್ಟಡವಾದರೆ ಮೊದಲು ಮಾಲೀಕತ್ವ ನೋಡಿ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿರುವಂಥ ಕಾವಿ ಚಿತ್ರ ನಿಮ್ಮೂರಿನ ಗುಡಿಯ ಗೋಡೆಯಲ್ಲೂ ಇದೆ ಅಂದುಕೊಳ್ಳಿ. ಗುಡಿ ಮುಜರಾಯಿಗೆ ಸೇರಿದ್ದೋ, ಊರಿನ ಮೊಕ್ತೇಸರರ ಕೈಯಲ್ಲಿದೆಯೋ? ಅವರ ಲಿಖಿತ ಒಪ್ಪಿಗೆ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಬನವಾಸಿಯ ಮಧುಕೇಶ್ವರ, ಗೇರುಸೊಪ್ಪೆಯ ಚತುರ್ಮುಖ ಬಸದಿಯಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಹತ್ತಿರ ಇದ್ದರೆ ಇನ್ನೊಂದು ವಿಷಯ ಗಮನಿಸಬೇಕು. ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ದುರಸ್ತಿಗೂ ಅನುಮತಿ ಬೇಕು. ಕಾವಿ ಎಂದರೆ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದನ್ನು ಗೀರಿ ಮೂಡಿಸುವ ಚಿತ್ರ. ಹಾಗಾಗಿ ಅರ್ಜಿಯಲ್ಲಿ ಸುಮ್ನೆ ‘ಗೋಡೆ ದುರಸ್ತಿ’ ಎಂದು ಬರೆಯಬೇಡಿ. ಸಿಮೆಂಟ್, ಆಯಿಲ್ ಪೇಂಟ್ ಬಳಸುವುದಿಲ್ಲ, ಸುಣ್ಣದ ಕೆಲಸ ಬಲ್ಲವರೇ ಮಾಡುತ್ತಾರೆ ಎಂದು ಸ್ಪಷ್ಟವಾಗಿ ಬರೆಯಿರಿ.

ದುಡ್ಡಿನ ದಾರಿಗಳು ಹಲವು ಇವೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನೋಂದಾಯಿತ ಸಂಘಗಳಿಗೆ ಧನಸಹಾಯ ಕೊಡುತ್ತದೆ. ಇಲ್ಲಿ ವರ್ಗ ಗಮನಿಸಿ: ಜಿಲ್ಲೆಯಲ್ಲಿರುವ ಆಫ್ರಿಕಾ ಮೂಲದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದಾರೆ, ಹಾಲಕ್ಕಿಗಳು ವರ್ಷಗಳಿಂದ ಕೇಳುತ್ತಿದ್ದರೂ ಸೇರಿಲ್ಲ. ಹಾಗಾಗಿ ಪರಿಶಿಷ್ಟ ಪಂಗಡಕ್ಕೆಂದೇ ಇರುವ ಗಿರಿಜನ ಉಪಯೋಜನೆಯ ಬಾಗಿಲು ಸಿದ್ದಿಯರ ಕುಣಿತವಾದ ಡಮಾಮಿಯ ಯಲ್ಲಾಪುರದ ತಂಡಕ್ಕೆ ತೆರೆದಿರುತ್ತದೆ, ಹಾಲಕ್ಕಿಗಳ ಸುಗ್ಗಿ ಕುಣಿತದ ಅಂಕೋಲಾ ತಂಡಕ್ಕೆ ಇಲ್ಲ. ಕೇಂದ್ರದ ಅನುದಾನ ಬೇಕಾದರೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಸಂಸ್ಥೆಯ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಬೇಕು.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳುವುದಕ್ಕೂ ಕಾನೂನಿನ ಆಧಾರ ಇದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಕರಕುಶಲ ಎಲ್ಲವೂ ಸೇರಿವೆ. ಕಂಪನಿ ತಾನು ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಕಾರವಾರದವರಿಗೆ ಕೈಗಾ ಸ್ಥಾವರ ನಡೆಸುವ ಕಂಪನಿ ನೆನಪಾಗುವುದು ಇದೇ ಕಾರಣಕ್ಕೆ. ಆದರೆ ನಿಮ್ಮ ಸಂಸ್ಥೆಗೆ ಆದಾಯ ತೆರಿಗೆ ಕಾಯ್ದೆಯ 12ಎ, 80ಜಿ ನೋಂದಣಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಇರಬೇಕು. ವಿದೇಶಿ ಹಣವನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟಲೇಬಾರದು. ಸಂಘವೇ ಇಲ್ಲದ ಒಬ್ಬ ಸಂಶೋಧಕ ಅಥವಾ ಕಲಾವಿದೆಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಒಳ್ಳೆಯ ದಾರಿ. ಅಲ್ಲಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು.

ಈಗ ಬಜೆಟ್. ನನ್ನ ಪ್ರಕಾರ ಜಾಸ್ತಿ ಹೊತ್ತು ಕೂರಬೇಕಾದದ್ದು ಇಲ್ಲೇ. ಕ್ಯಾಮೆರಾ ಬಾಡಿಗೆ, ಎಡಿಟಿಂಗ್, ಪುಸ್ತಕದ ಅಚ್ಚು, ಬಿಡುಗಡೆ ಸಮಾರಂಭದ ಶಾಮಿಯಾನ ಎಲ್ಲವೂ ಬಜೆಟ್‌ನಲ್ಲಿ ಬರುತ್ತವೆ. ಹಾಡುವವರು ಮಾತ್ರ ‘ಗೌರವ ಸ್ಮರಣಿಕೆ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾರೆ. ಇದು ಸರಿಯಲ್ಲ. ಗದ್ದೆ ಕೆಲಸಕ್ಕೆ, ತರಕಾರಿ ಮಾರಲು ಹೋಗುವ ಹೆಂಗಸು ನಮ್ಮ ಮೈಕಿನ ಮುಂದೆ ಕೂತರೆ ಆ ದಿನದ ಸಂಪಾದನೆ ಹೋಯಿತು. ಅದನ್ನು ತುಂಬಿ, ಅದರ ಮೇಲೆ ಕಲಾವಿದೆಯ ಸಂಭಾವನೆ ಬೇರೆ ಸಾಲಾಗಿ ಬರೆಯಬೇಕು. ಹಾಡಿನ ಸಾಲು ಬಿಡಿಸಿ ಅರ್ಥ ಹೇಳುವ ಕೊಪ್ಪದ ಹುಡುಗ ಹುಡುಗಿಯರಿಗೂ ಹಾಗೆಯೇ. ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರಂಥ ಹಿರಿಯರ ಬಳಿ ಕಲಿಯಲು ಕಿರಿಯರಿಗೆ ಬಿಡುವು ಸಿಗಬೇಕಾದರೆ ಆ ಬಿಡುವಿಗೂ ಹಣ ಬೇಕು. ಇದನ್ನು ಅರ್ಜಿಯಲ್ಲಿ ಸಂಕೋಚವಿಲ್ಲದೆ ವಿವರಿಸಿ.

ಒಪ್ಪಿಗೆಯ ವಿಷಯವೂ ಇಲ್ಲೇ ಸೇರುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ. ಧ್ವನಿಮುದ್ರಣ ಎಲ್ಲಿ ಇಡುತ್ತೇವೆ, ಯೂಟ್ಯೂಬಿಗೆ ಹಾಕುತ್ತೇವೋ ಇಲ್ಲವೋ, ಯಾವ ಹಾಡು ಹೊರಗೆ ಹೋಗಬಾರದು ಎಂದು ಊರಗೌಡರ ಜೊತೆಗೆ ಹಾಡುವ ಹೆಂಗಸರನ್ನೂ ಕೂರಿಸಿ ಮಾತಾಡಬೇಕು. ಒಂದು ಪ್ರತಿ ಕೊಪ್ಪದಲ್ಲೇ ಉಳಿಯಬೇಕು. ಅವರ ಫೋನಿನಲ್ಲಿ ಕೇಳಲು ಆಗುವಂತೆ ಮೆಮೊರಿ ಕಾರ್ಡಿನಲ್ಲಿ ಕೊಡಿ, ಅದರ ಖರ್ಚನ್ನೂ ಬಜೆಟ್‌ಗೆ ಸೇರಿಸಿ.

ವೇಳಾಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಮಳೆ ಇರಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾರೆ ಒಣಗುವುದಿಲ್ಲ, ಗೋಡೆ ಕೆಲಸ ಮಳೆ ಬಿಟ್ಟ ಮೇಲೆಯೇ. ಮದುವೆ ಹಾಡನ್ನು ಮನೆಯೊಳಗೆ ಯಾವಾಗ ಬೇಕಾದರೂ ಧ್ವನಿಮುದ್ರಿಸಬಹುದು, ಸುಗ್ಗಿ ಕುಣಿತಕ್ಕೆ ಮಾತ್ರ ಹೋಳಿ ಹುಣ್ಣಿಮೆಯ ಹೊತ್ತೇ ಆಗಬೇಕು. ಸರ್ಕಾರದ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೋಳಿ ಬರುವುದೂ ಬಹುತೇಕ ಮಾರ್ಚ್‌ನಲ್ಲೇ. ಕುಣಿತದ ಚಿತ್ರೀಕರಣ ಮುಗಿಯುವುದರೊಳಗೆ ಲೆಕ್ಕ ಕೊಡುವ ದಿನ ಬಂದುಬಿಡುತ್ತದೆ. ಹಾಗಾಗಿ ತಯಾರಿ, ಹಾಡು, ಬರಹ ಮೊದಲ ವರ್ಷಕ್ಕೆ, ಕುಣಿತದ ಚಿತ್ರೀಕರಣದ ಮುಂದಿನ ಕೆಲಸ ಎರಡನೇ ವರ್ಷಕ್ಕೆ ಎಂದು ಕಂತು ಕೇಳುವುದು ಒಳ್ಳೆಯದು.

ಉಳಿದ ಕಾಗದಪತ್ರ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ: ನೋಂದಣಿ ಪತ್ರ, ಬೈಲಾ, ಪ್ಯಾನ್, ಆಡಿಟ್ ವರದಿ, ಅರ್ಜಿ ಹಾಕಲು ಸಮಿತಿ ಮಾಡಿದ ಠರಾವು. ಹಣ ಬಂದ ದಿನದಿಂದಲೇ ಓಚರ್ ಇಡಿ. ಕೊಪ್ಪದ ಅಜ್ಜಿ ಜಿಎಸ್‌ಟಿ ಬಿಲ್ ಕೊಡುವುದಿಲ್ಲ. ಅವರಿಗೆ ಕೊಟ್ಟ ಸಂಭಾವನೆಗೆ ಹೆಸರು, ದಿನಾಂಕ, ಮೊತ್ತ ಬರೆದ ರಸೀದಿ ಮಾಡಿ, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಸಾಧ್ಯವಾದರೆ ಅವರ ಬ್ಯಾಂಕ್ ಖಾತೆಗೇ ಹಾಕಿ. ಕೊನೆಯಲ್ಲಿ ಕೊಡಬೇಕಾದ ಹಣ ಬಳಕೆ ಪ್ರಮಾಣಪತ್ರಕ್ಕೆ ಲೆಕ್ಕಪರಿಶೋಧಕರು ಕೇಳುವುದು ಇದೇ ರಸೀದಿಗಳನ್ನು.